ವೈದ್ಯಕೀಯ ಸಂಶೋಧನೆಯಲ್ಲಿ ಒಪ್ಪಿತವಲ್ಲದ ವಿಚಾರಗಳಿಗೆ ಎದುರಾಗುವ ಪ್ರತಿರೋಧ: ಹಾಸನ–ಚಿಕ್ಕಮಗಳೂರು ಓದುಗರ ಚರ್ಚೆ

ಅರಸೀಕೆರೆಯ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ (ಚರ್ಚೆ ಆರಂಭಿಸಿದವರು)

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಕೋವಿಡ್ ಲಸಿಕೆಯೇ ಇದಕ್ಕೆ ಕಾರಣವಿರಬಹುದೆಂಬ ಶಂಕೆ ಬಸ್ ನಿಲ್ದಾಣದಿಂದ ವಿಧಾನಸೌಧದವರೆಗೆ ಹರಡಿತು. ಮುಖ್ಯಮಂತ್ರಿಗಳೇ ಆ ಸಾಧ್ಯತೆಯನ್ನು ಪ್ರಸ್ತಾಪಿಸಿದರು. ಕೇಂದ್ರ ಆರೋಗ್ಯ ಸಚಿವಾಲಯವು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನವನ್ನು ಮುಂದಿಟ್ಟು ಅಂಥ ನೇರ ಸಂಬಂಧವಿಲ್ಲವೆಂದಿತು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ರಾಜ್ಯ ಸರ್ಕಾರ ನೇಮಿಸಿದ ಸಮಿತಿಯು 24 ಸಾವುಗಳನ್ನು ಪರಿಶೀಲಿಸಿ, ಅವುಗಳಲ್ಲಿ 20 ಮಾತ್ರ ಹೃದಯಕ್ಕೆ ಸಂಬಂಧಿಸಿದವೆಂದೂ ಜಿಲ್ಲೆಯಲ್ಲಿ ಅಸಹಜವಾದ ಏರಿಕೆ ಕಂಡುಬಂದಿಲ್ಲವೆಂದೂ ವರದಿ ಕೊಟ್ಟಿತು.

ವರದಿ ಬಂದ ಮೇಲೂ ವಾದ ನಿಂತಿಲ್ಲ. ತಜ್ಞರು ಹೇಳಿಯಾದ ಮೇಲೆ ಮತ್ತೆ ಮಾತೆತ್ತುವುದು ತಪ್ಪು ಎನ್ನುವವರು ಒಂದು ಕಡೆ ಇದ್ದಾರೆ. ತಜ್ಞರು ಎಂದಿನಿಂದಲೂ ತಮಗೆ ಹಿಡಿಸದ ಮಾತನ್ನು ತುಳಿಯುತ್ತಲೇ ಬಂದಿದ್ದಾರೆ, ಕೈ ತೊಳೆಯಿರಿ ಎಂದ ವಿಯೆನ್ನಾದ ವೈದ್ಯ ಸೆಮೆಲ್ವೈಸ್ ಅವರನ್ನು ಹುಚ್ಚಾಸ್ಪತ್ರೆಗೆ ಸೇರಿಸಿದರು, ಆದ್ದರಿಂದ ಅವರ ಮಾತನ್ನು ನಂಬುವಂತಿಲ್ಲ ಎನ್ನುವವರು ಇನ್ನೊಂದು ಕಡೆ ಇದ್ದಾರೆ. ಎರಡೂ ಕಡೆಯವರು ನನ್ನ ಹಳೆಯ ವಿದ್ಯಾರ್ಥಿಗಳೇ ಆಗಿರುವುದರಿಂದ ಈ ಪ್ರಶ್ನೆಯನ್ನು ಇಲ್ಲಿಡುತ್ತಿದ್ದೇನೆ. ಸಂಶೋಧನಾ ಸಂಸ್ಥೆಗಳು ಹೊಸ ಮಾತಿಗೆ ತೋರಿಸುವ ಪ್ರತಿರೋಧದಲ್ಲಿ ಯಾವ ಭಾಗ ನ್ಯಾಯವಾದದ್ದು, ಯಾವ ಭಾಗ ಅನ್ಯಾಯ? ಉದಾಹರಣೆಯಿಲ್ಲದೆ ಬರೆಯಬೇಡಿರೆಂದು ವಿನಂತಿ.

ಹಾಸನದ ವೈದ್ಯೆ

ಮೇಷ್ಟ್ರೇ, ಸೆಮೆಲ್ವೈಸ್ ಅವರ ಹೆಸರನ್ನು ಎಲ್ಲರೂ ಹೇಳುತ್ತಾರೆ, ಆದರೆ ಅವರ ಕಥೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಿಭಾಗದಲ್ಲಿ ಶವಪರೀಕ್ಷೆ ಮುಗಿಸಿ ಬಂದ ವಿದ್ಯಾರ್ಥಿಗಳು ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂಬ ನಿಯಮ ತಂದಾಗ, ಏಪ್ರಿಲ್ ತಿಂಗಳಿನಲ್ಲಿ ನೂರಕ್ಕೆ 18ರಷ್ಟಿದ್ದ ಬಾಣಂತಿಯರ ಸಾವು ಕೆಲವೇ ತಿಂಗಳಲ್ಲಿ ನೂರಕ್ಕೆ ಎರಡರ ಆಸುಪಾಸಿಗೆ ಇಳಿಯಿತು. ಇಷ್ಟು ಸ್ಪಷ್ಟವಾದ ಅಂಕಿ ಕೈಯಲ್ಲಿದ್ದರೂ ಅವರು ತಮ್ಮ ಗ್ರಂಥವನ್ನು ಪ್ರಕಟಿಸಿದ್ದು 1861ರಲ್ಲಿ. ಕೈಗೆ ಅಂಟಿ ಬರುವ ಆ ವಸ್ತು ಯಾವುದೆಂದು ತೋರಿಸುವ ಸಾಧನ ಅವರ ಕಾಲಕ್ಕೆ ಇರಲಿಲ್ಲ. ವೈದ್ಯರ ಕೈಯೇ ಸಾವನ್ನು ಹೊತ್ತು ತರುತ್ತಿದೆಯೆಂಬುದನ್ನು ಒಪ್ಪಲು ಅಂದಿನ ಪ್ರಾಧ್ಯಾಪಕರಿಗೆ ಮನಸ್ಸೂ ಬರಲಿಲ್ಲ. ಅವರು 1865ರಲ್ಲಿ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ತಡದ ಬೆಲೆಯನ್ನು ತೆತ್ತವರು ಯಾವ ಚರ್ಚೆಯಲ್ಲೂ ಹೆಸರು ಬಾರದ ಬಾಣಂತಿಯರು.

ನಮ್ಮ ಕಾಲಕ್ಕೆ ಹತ್ತಿರದ ಇನ್ನೊಂದು ಉದಾಹರಣೆ ಕೊಡುತ್ತೇನೆ. ನನ್ನ ಬಳಿ ಬರುವ ಎಪ್ಪತ್ತು ದಾಟಿದ ರೋಗಿಗಳಲ್ಲಿ ಕೆಲವರ ಹೊಟ್ಟೆಯ ಮೇಲೆ ಎದೆಗೂಡಿನ ಕೆಳಗಿನಿಂದ ಹೊಕ್ಕುಳವರೆಗೆ ಇಳಿದ ಉದ್ದನೆಯ ಹೊಲಿಗೆಯ ಗುರುತಿರುತ್ತದೆ. ಕೇಳಿದರೆ ‘ಅಲ್ಸರ್ ಆಪರೇಷನ್’ ಎನ್ನುತ್ತಾರೆ. ಆಮ್ಲ ಸುರಿಯುವುದನ್ನು ತಗ್ಗಿಸಲು ಜಠರದ ನರವನ್ನು ಕತ್ತರಿಸುತ್ತಿದ್ದ ಕಾಲವದು. ಹುಣ್ಣಿಗೆ ಚಿಂತೆ, ಖಾರ ಮತ್ತು ಆಮ್ಲವೇ ಕಾರಣವೆಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತಿದ್ದವು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಬೆಳೆಸಿ ತೆಗೆದರು. ಮರುವರ್ಷ ಅವರು ಕಳಿಸಿದ ಸಾರಾಂಶವನ್ನು ಅಲ್ಲಿನ ಜಠರರೋಗ ತಜ್ಞರ ಸಂಘ ತಿರಸ್ಕರಿಸಿತು. ಅಷ್ಟು ಆಮ್ಲದಲ್ಲಿ ಯಾವ ಜೀವಿಯೂ ಬದುಕಲಾರದೆಂಬುದು ಅಂದಿನ ಗಟ್ಟಿ ನಂಬಿಕೆ. 1984ರಲ್ಲಿ ಮಾರ್ಷಲ್ ಅವರು ತಾವೇ ಆ ಬ್ಯಾಕ್ಟೀರಿಯದ ದ್ರವವನ್ನು ಕುಡಿದು, ತಮಗೆ ಜಠರದ ಉರಿಯೂತ ಬಂದುದನ್ನು ಎಂಡೋಸ್ಕೋಪಿಯಿಂದ ತೋರಿಸಿದರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಹುಣ್ಣಿಗೆ ಆಂಟಿಬಯೋಟಿಕ್ ಕೊಡಬೇಕೆಂದು ಶಿಫಾರಸು ಮಾಡಿದ್ದು 1994ರಲ್ಲಿ. ಇಬ್ಬರಿಗೂ ನೊಬೆಲ್ ಬಂದದ್ದು 2005ರಲ್ಲಿ.

ಇಲ್ಲಿ ಗಮನಿಸಬೇಕಾದದ್ದು, ಆ ಹತ್ತು ವರ್ಷಗಳಲ್ಲಿ ಎಲ್ಲವೂ ಹಟವಾಗಿರಲಿಲ್ಲ ಎಂಬುದು. ಬ್ಯಾಕ್ಟೀರಿಯವನ್ನು ಕೊಂದರೆ ಹುಣ್ಣು ಮರುಕಳಿಸುವುದಿಲ್ಲವೆಂದು ತೋರಿಸುವ ಪ್ರಯೋಗಗಳು ನಡೆಯಬೇಕಿತ್ತು, ನಡೆದವು. ಒಬ್ಬರು ಕುಡಿದು ತೋರಿಸಿದ್ದು ಜಗತ್ತಿನ ಚಿಕಿತ್ಸೆಯನ್ನು ಬದಲಿಸಲು ಸಾಲದು. ಆದರೆ ಸಾರಾಂಶವನ್ನೇ ಓದಲು ಬಿಡದಿದ್ದ ಕ್ರಮವನ್ನು ನಾನು ಸಮರ್ಥಿಸಲಾರೆ.

ಮೂಡಿಗೆರೆಯ ಕಾಫಿ ಬೆಳೆಗಾರ

ಡಾಕ್ಟರೇ, ನಿಮ್ಮ ಮಾತು ಒಪ್ಪುತ್ತೇನೆ, ಆದರೆ ಇದರಲ್ಲೊಂದು ಅಪಾಯವಿದೆ. ಮಾರ್ಷಲ್ ಅವರನ್ನು ಎಲ್ಲರೂ ವಿರೋಧಿಸಿದರು, ನನ್ನನ್ನೂ ಎಲ್ಲರೂ ವಿರೋಧಿಸುತ್ತಿದ್ದಾರೆ, ಆದ್ದರಿಂದ ನಾನೂ ಸರಿ ಎಂಬ ವಾದವನ್ನು ನಮ್ಮೂರಿನ ಸಂತೆಯಲ್ಲಿ ಸಕ್ಕರೆ ಕಾಯಿಲೆಗೆ ಪುಡಿ ಮಾರುವವರೂ ಹೇಳುತ್ತಾರೆ. ವಿರೋಧ ಬಂದಿತೆಂಬುದು ಯಾವ ವಿಚಾರಕ್ಕೂ ಸಾಕ್ಷಿಯಲ್ಲ.

ಕ್ಯಾಲಿಫೋರ್ನಿಯಾದ ಪೀಟರ್ ಡ್ಯೂಸ್‌ಬರ್ಗ್ ಅವರು ಸಾಮಾನ್ಯ ವಿಜ್ಞಾನಿಯಲ್ಲ, ಕ್ಯಾನ್ಸರ್‌ಗೆ ಸಂಬಂಧಿಸಿದ ವೈರಸ್‌ಗಳ ಬಗ್ಗೆ ಹೆಸರಾಂತ ಕೆಲಸ ಮಾಡಿದವರು. ಏಡ್ಸ್‌ಗೆ ಎಚ್‌ಐವಿ ಕಾರಣವಲ್ಲ ಎಂದು ಅವರು ಹಟ ಹಿಡಿದರು. ದಕ್ಷಿಣ ಆಫ್ರಿಕಾದ ಅಂದಿನ ಅಧ್ಯಕ್ಷ ಥಾಬೊ ಎಂಬೆಕಿ ಅವರು ಆ ಪಂಥದ ಮಾತಿಗೆ ಕಿವಿಗೊಟ್ಟು ಔಷಧಿ ವಿತರಣೆಯನ್ನು ತಡಮಾಡಿದ್ದರಿಂದ ಮೂರು ಲಕ್ಷಕ್ಕೂ ಹೆಚ್ಚು ಜೀವಗಳು ಹೋದವೆಂದು ಹಾರ್ವರ್ಡ್‌ನ ಸಂಶೋಧಕರು 2008ರಲ್ಲಿ ಅಂದಾಜು ಮಾಡಿದರು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಲೇಖನ ಕೇವಲ 12 ಮಕ್ಕಳನ್ನು ಆಧರಿಸಿತ್ತು. ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪೂರ್ಣವಾಗಿ ಹಿಂತೆಗೆದುಕೊಂಡದ್ದು 2010ರಲ್ಲಿ. ಅಲ್ಲಿ ನಡೆದದ್ದು ಅತಿಯಾದ ಪ್ರತಿರೋಧವಲ್ಲ, ಪ್ರತಿರೋಧದ ಕೊರತೆ.

ಕೊಪ್ಪ ತಾಲ್ಲೂಕಿನ ಶುಶ್ರೂಷಾಧಿಕಾರಿ

ನಾನು ವಿಜ್ಞಾನಿಯಲ್ಲ, ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೆಲಸ ಮಾಡಿಕೊಂಡು ಬಂದವಳು. ಆದ್ದರಿಂದ ನಮ್ಮ ಮಂಗನ ಕಾಯಿಲೆಯ ಬಗ್ಗೆಯೇ ಬರೆಯುತ್ತೇನೆ.

ಈ ಕಾಯಿಲೆಯನ್ನು 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು. ಮಂಗಗಳು ಸತ್ತು ಬೀಳುತ್ತಿದ್ದುದರಿಂದ ಹಳದಿ ಜ್ವರ ನಮ್ಮ ದೇಶಕ್ಕೆ ಕಾಲಿಟ್ಟಿತೇನೋ ಎಂಬುದೇ ಮೊದಲ ಭಯವಾಗಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಉಣುಗಿನಿಂದ ಹರಡುವ ಬೇರೆಯೇ ವೈರಸ್ ಎಂದು ಕಂಡುಹಿಡಿದರು. ಆ ಕೆಲಸಕ್ಕೆ ನಾವು ಋಣಿಗಳು. ಕೊಟ್ಟಿಗೆಗೆ ತರಗೆಲೆ ಗುಡಿಸಿ ತರಲು ಹೋದ ಹೆಂಗಸರಿಗೆ ಹೆಚ್ಚಾಗಿ ಜ್ವರ ಬರುವುದೇಕೆಂದು ಅದರಿಂದಲೇ ನಮಗೆ ಅರ್ಥವಾದದ್ದು. ಉಣುಗಿನ ಮರಿ ಎಳ್ಳಿನ ಕಾಳಿಗಿಂತ ಸಣ್ಣದು; ಮೊಣಕಾಲಿನ ಹಿಂದೆ, ಕಂಕುಳಲ್ಲಿ, ಸೊಂಟದ ದಾರದ ಅಡಿಯಲ್ಲಿ ಕಚ್ಚಿಕೊಂಡರೆ ಮನೆಗೆ ಬಂದು ಬಿಸಿನೀರು ಹುಯ್ದುಕೊಳ್ಳುವವರೆಗೂ ತಿಳಿಯುವುದಿಲ್ಲ.

1990ರಿಂದ ನಮ್ಮಲ್ಲಿ ಲಸಿಕೆ ಕೊಡುತ್ತಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಆಮೇಲೆ ಪ್ರತಿವರ್ಷವೂ ಒಂದು. ಚುಚ್ಚಿದ ಜಾಗ ತುಂಬಾ ನೋಯುತ್ತಿತ್ತು, ಮರುದಿನ ಕೂಲಿಗೆ ಹೋಗಲಾಗುತ್ತಿರಲಿಲ್ಲ. ನೋವನ್ನಾದರೂ ಜನ ಸಹಿಸುತ್ತಿದ್ದರು. ಆದರೆ ‘ಸಿಸ್ಟರ್, ಸೂಜಿ ಹಾಕಿಸಿಕೊಂಡವರಿಗೂ ಕಾಯಿಲೆ ಬಂತಲ್ಲ’ ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಅದನ್ನು ಸಭೆಯಲ್ಲಿ ಮೇಲಿನವರ ಮುಂದೆ ಹೇಳಿದರೆ, ಜನರಿಗೆ ಅರಿವು ಸಾಲದು, ನೀವು ತಿಳಿಹೇಳಿ ಎಂಬ ಮಾತು ಬರುತ್ತಿತ್ತು. ಹಳ್ಳಿಯವರ ಅನುಭವವನ್ನು ಅಜ್ಞಾನವೆಂದೇ ಬರೆದುಕೊಂಡರು. ಅದನ್ನು ಪರೀಕ್ಷಿಸಬೇಕಾದ ಪ್ರಶ್ನೆಯೆಂದು ಯಾರೂ ಬರೆದುಕೊಳ್ಳಲಿಲ್ಲ.

ಕೊನೆಗೆ ಲೆಕ್ಕ ಹಾಕಿದವರು ಬಂದರು. ಲಸಿಕೆ ಶುರುವಾದ ಕಾಲದ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸಿಗೆ ನೂರಕ್ಕೆ 93.5ರಷ್ಟು ರಕ್ಷಣೆ ಸಿಗುತ್ತದೆಂದು ಹೇಳಲಾಗಿತ್ತು. 2005ರಿಂದ 2010ರವರೆಗಿನ ಮಾಹಿತಿಯನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದು 62.4ಕ್ಕೆ ಇಳಿದಿತ್ತು, ಬೂಸ್ಟರ್ ಪಡೆದವರಲ್ಲಿ 82.9 ಇತ್ತು. 2022ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ಈಗ ನಡೆಯುತ್ತಿದೆ.

ಇದರರ್ಥ ಹಳ್ಳಿಯವರು ಹೇಳಿದ್ದೆಲ್ಲ ಸರಿಯೆಂದಲ್ಲ. ಸೂಜಿಯಿಂದ ಏನೂ ಪ್ರಯೋಜನವಿಲ್ಲವೆಂದು ಅವರು ಹೇಳುತ್ತಿದ್ದುದು ಆ ಅಂಕಿಯ ಪ್ರಕಾರ ಪೂರ್ಣ ಸತ್ಯವಲ್ಲ, ನೂರಕ್ಕೆ ಅರುವತ್ತೆರಡು ಸೊನ್ನೆಯಲ್ಲ. ಆದರೆ ಹೇಳಿದಷ್ಟು ಕೆಲಸ ಮಾಡುತ್ತಿಲ್ಲವೆಂಬ ಅವರ ಗ್ರಹಿಕೆ ನಿಜವಾಗಿತ್ತು. ಅದನ್ನು ಲೆಕ್ಕಕ್ಕೆ ಇಳಿಸುವ ಕೆಲಸ ನಮ್ಮ ಉಪಕೇಂದ್ರಗಳ ರಿಜಿಸ್ಟರ್‌ಗಳಿಂದಲೇ ಎಷ್ಟೋ ವರ್ಷ ಮುಂಚೆ ಶುರುವಾಗಬಹುದಿತ್ತು. ಯಾರಿಗೆ ಯಾವ ದಿನ ಎಷ್ಟನೆಯ ಡೋಸ್ ಹಾಕಿದೆವು, ಯಾರಿಗೆ ಜ್ವರ ಬಂತು, ಎಲ್ಲವನ್ನೂ ನಾವೇ ಬರೆಯುತ್ತಿದ್ದೆವು.

ಹಾಸನದ ಆಯುರ್ವೇದ ಸ್ನಾತಕೋತ್ತರ ವಿದ್ಯಾರ್ಥಿನಿ

ಅಕ್ಕ, ನೀವು ಬರೆದುದನ್ನು ಓದಿ ನಮ್ಮ ಕ್ಷೇತ್ರದ ಮಾತು ಹೇಳಬೇಕೆನಿಸಿತು. ಆಯುರ್ವೇದದಿಂದ ಬಂದ ವಿಚಾರವೆಂದರೆ ಓದುವುದಕ್ಕೆ ಮೊದಲೇ ಪಕ್ಕಕ್ಕಿಡುವ ಅಭ್ಯಾಸ ಇನ್ನೂ ಇದೆ. ಆದರೆ ಸರ್ಪಗಂಧಿಯ ಕಥೆ ಬೇರೆ ದಾರಿಯನ್ನು ತೋರಿಸುತ್ತದೆ. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅವರು ಈ ಬೇರಿನಿಂದ ರಕ್ತದೊತ್ತಡ ಇಳಿಯುವುದನ್ನು ವರದಿ ಮಾಡಿದರು. ಹೊರದೇಶದ ವೈದ್ಯಲೋಕ ಅದನ್ನು ಹೆಚ್ಚುಕಡಿಮೆ ಗಮನಿಸಲೇ ಇಲ್ಲ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಲ್ ವಕೀಲ್ ಅವರು ರಕ್ತದೊತ್ತಡದ 50 ರೋಗಿಗಳ ಮೇಲೆ ನಡೆಸಿದ ಪ್ರಯೋಗವನ್ನು ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದ ಮೇಲೆ ಎಲ್ಲರೂ ತಿರುಗಿ ನೋಡಿದರು. 1952ರಲ್ಲಿ ಸಿಬಾ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಅದರಿಂದ ರೆಸರ್ಪಿನ್ ಎಂಬ ಔಷಧದ್ರವ್ಯ ಬೇರ್ಪಟ್ಟಿತು.

ನಮ್ಮಲ್ಲಿ ಕೆಲವು ಹಿರಿಯರು ಇದನ್ನು ನಮ್ಮ ಶಾಸ್ತ್ರದ ಗೆಲುವೆಂದು ಮಾತ್ರ ಹೇಳುತ್ತಾರೆ. ವಕೀಲ್ ಅವರು ಪ್ರತಿ ರೋಗಿಯ ಒತ್ತಡವನ್ನು ಅಳೆದು, ಅಳತೆಯನ್ನು ಯಾರು ಬೇಕಾದರೂ ಪರಿಶೀಲಿಸುವಂತೆ ಮುಂದಿಟ್ಟದ್ದನ್ನು ಹೇಳುವುದಿಲ್ಲ. ರೆಸರ್ಪಿನ್‌ನಿಂದ ಕೆಲವರಿಗೆ ಖಿನ್ನತೆ ಬರುತ್ತದೆಂಬ ವರದಿಗಳು ಆಮೇಲೆ ಬಂದಾಗ ಅವುಗಳನ್ನೂ ಅದೇ ರೀತಿ ಪರಿಶೀಲಿಸಬೇಕಾಯಿತು. ಶಾಸ್ತ್ರಕ್ಕೆ ಗೌರವ ಕೊಡಿರೆಂದು ಕೇಳುವ ನಾವು ಪರೀಕ್ಷೆಯಿಂದ ವಿನಾಯಿತಿ ಕೇಳಬಾರದು. ನನ್ನ ಪ್ರಬಂಧದ ಕ್ಲಿನಿಕಲ್ ಪ್ರಯೋಗವನ್ನು ಭಾರತದ ಪ್ರಯೋಗ ನೋಂದಣಿ ಪಟ್ಟಿಯಲ್ಲಿ ಮೊದಲೇ ನೋಂದಾಯಿಸಿದ್ದೇನೆ. ಫಲಿತಾಂಶ ನನಗೆ ವಿರುದ್ಧವಾಗಿ ಬಂದರೂ ಅದನ್ನು ಮುಚ್ಚಿಡಲು ಆಗದಿರಲೆಂಬುದೇ ಅದರ ಉದ್ದೇಶ.

ಬೇಲೂರಿನವನು, ಸೂಕ್ಷ್ಮಜೀವಿಶಾಸ್ತ್ರ ಸಂಶೋಧನಾರ್ಥಿ

ಇದುವರೆಗೆ ಬಂದ ಉದಾಹರಣೆಗಳಲ್ಲಿ ಹೆಚ್ಚಿನವು ಪಶ್ಚಿಮದವು. ನಮ್ಮ ದೇಶದಲ್ಲಿ ಪ್ರತಿರೋಧಕ್ಕೆ ಇನ್ನೊಂದು ರೂಪವಿದೆ. ಇಲ್ಲಿ ಯಾರು ಹೇಳಿದರು, ಯಾವ ಸಂಸ್ಥೆಯಿಂದ ಹೇಳಿದರು ಎಂಬುದು ಏನು ಹೇಳಿದರು ಎಂಬುದಕ್ಕಿಂತ ಮೊದಲು ಬರುತ್ತದೆ.

ಕಲ್ಕತ್ತೆಯ ಶಂಭುನಾಥ ಡೇ ಅವರ ಪ್ರಯೋಗ ನೋಡಿ. ಕಾಲರಾ ರೋಗಾಣುವಿನ ವಿಷ ರೋಗಾಣು ಸತ್ತು ಒಡೆದಾಗ ಹೊರಬೀಳುವಂಥದ್ದು, ಅದು ರಕ್ತಕ್ಕೆ ಸೇರಿ ರೋಗವಾಗುತ್ತದೆಂದು ಆ ರೋಗಾಣುವನ್ನು ಗುರುತಿಸಿದ ಜರ್ಮನಿಯ ವಿಜ್ಞಾನಿ ಕೋಖ್ ಅವರ ಕಾಲದಿಂದ ಅನೇಕರು ಊಹಿಸಿದ್ದರು. ಡೇ ಅವರು ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡು ತುದಿಗಳಲ್ಲಿ ದಾರದಿಂದ ಕಟ್ಟಿ, ಅದರೊಳಕ್ಕೆ ಕಾಲರಾ ರೋಗಾಣುವಿನ ದ್ರವವನ್ನು ಸೂಜಿಯಿಂದ ಹಾಕಿದರು. ಮರುದಿನ ತೆರೆದು ನೋಡಿದರೆ ಕಟ್ಟಿದ ಆ ತುಂಡು ಮಾತ್ರ ಅಕ್ಕಿ ತೊಳೆದ ನೀರಿನಂಥ ದ್ರವ ತುಂಬಿ ಉಬ್ಬಿತ್ತು, ಅಕ್ಕಪಕ್ಕದ ಕರುಳು ಮೊದಲಿನಂತೆಯೇ ಇತ್ತು. ಒಂದು ಜೀವಂತ ರೋಗಾಣುವೂ ಉಳಿಯದಂತೆ ಸೋಸಿದ ದ್ರವದಿಂದಲೂ ಹಾಗೆಯೇ ಆಯಿತೆಂದು ಅವರು 1959ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ರೋಗಾಣು ಹೊರಸೂಸುವ ವಿಷ ಕರುಳಿನಲ್ಲೇ ಕೆಲಸ ಮಾಡುತ್ತದೆಂಬುದು ಇದರಿಂದ ಸ್ಥಾಪಿತವಾಯಿತು. ಅವರನ್ನು ಯಾರೂ ಬೈಯಲಿಲ್ಲ, ನಿಷೇಧಿಸಲಿಲ್ಲ, ಸುಮ್ಮನೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1978ರ ನೊಬೆಲ್ ವಿಚಾರಸಂಕಿರಣಕ್ಕೆ ಅವರನ್ನು ಆಹ್ವಾನಿಸಿದ ಮೇಲೂ ನಮ್ಮ ದೇಶದ ದೊಡ್ಡ ಸಂಸ್ಥೆಗಳು ಅವರನ್ನು ಗೌರವಿಸಲಿಲ್ಲ. ಅವರು 1985ರಲ್ಲಿ ತೀರಿಕೊಂಡರು.

ಡಾ. ಸುಭಾಷ್ ಮುಖೋಪಾಧ್ಯಾಯ ಅವರಿಗೆ ಆದದ್ದು ಇದಕ್ಕಿಂತ ಕ್ರೂರ. ಬ್ರಿಟನ್ನಿನಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಎರಡೂವರೆ ತಿಂಗಳೊಳಗೆ, 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಅವರ ವಿಧಾನದಿಂದ ಮಗು ಹುಟ್ಟಿತು. ಭ್ರೂಣವನ್ನು ಶೈತ್ಯೀಕರಿಸಿ ಕಾಪಾಡಿ ಬಳಸಿದ್ದರು. ಅದು ಆಗ ಬೇರೆಲ್ಲೂ ಮನುಷ್ಯರಲ್ಲಿ ಯಶಸ್ವಿಯಾಗಿರಲಿಲ್ಲ. ರಾಜ್ಯ ಸರ್ಕಾರ ನೇಮಿಸಿದ ವಿಚಾರಣಾ ಸಮಿತಿ ಅವರ ಮಾತನ್ನು ನಂಬಲಿಲ್ಲ. ಅದರ ಅಧ್ಯಕ್ಷರು ರೇಡಿಯೊ ಭೌತವಿಜ್ಞಾನದವರು. ಜಪಾನಿನಲ್ಲಿ ತಮ್ಮ ಕೆಲಸವನ್ನು ಮಂಡಿಸಲು ಹೋಗುವುದಕ್ಕೂ ಅನುಮತಿ ಸಿಗಲಿಲ್ಲ. ಕೊನೆಗೆ ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ಆತ್ಮಹತ್ಯೆ ಮಾಡಿಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಶಿಶುವಿನಿಂದ ‘ದೇಶದ ಮೊದಲಿಗ’ ಎಂಬ ಹೆಸರು ಪಡೆದಿದ್ದ ಡಾ. ಟಿ.ಸಿ. ಆನಂದಕುಮಾರ್ ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಓದಿ, ಆ ಹೆಸರು ತಮಗಲ್ಲ ಅವರಿಗೆ ಸಲ್ಲಬೇಕೆಂದು 1997ರಲ್ಲಿ ಘೋಷಿಸಿದರು. ವಿಜ್ಞಾನದಲ್ಲಿ ನನಗೆ ಅತ್ಯಂತ ಗೌರವ ಹುಟ್ಟಿಸುವ ನಡೆ ಅದು. ಮಾಡಿದ್ದು ಇಷ್ಟೇ: ಟಿಪ್ಪಣಿ ಓದಿದರು. 1978ರ ಸಮಿತಿಯೂ ಅದನ್ನೇ ಗಂಭೀರವಾಗಿ ಮಾಡಬಹುದಿತ್ತು.

ಡಾ. ದಿಲೀಪ್ ಮಹಲನಬೀಸ್ ಅವರ ಹೆಸರನ್ನೂ ಸೇರಿಸುತ್ತೇನೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಡ್ರಿಪ್ ಬಾಟಲಿಗಳು ಮುಗಿಯುತ್ತಾ ಬಂದಾಗ, ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಬೆರೆಸಿ ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ತರಬೇತಿಯಿಲ್ಲದವರ ಕೈಗೆ ಚಿಕಿತ್ಸೆ ಕೊಡುವುದು ಅಂದಿನ ತಜ್ಞರಿಗೆ ಒಪ್ಪಿಗೆಯಾಗಿರಲಿಲ್ಲ, ಲೇಖನ ಪ್ರಕಟವಾಗಲು 1973ರವರೆಗೆ ಕಾಯಬೇಕಾಯಿತು. ಇಂದು ಅಂಥ ಮಿಶ್ರಣ ಓಆರ್‌ಎಸ್ ಎಂಬ ಪೊಟ್ಟಣವಾಗಿ ಸಕಲೇಶಪುರದ ಅಂಗಡಿಯಲ್ಲೂ ಸಿಗುತ್ತದೆ.

ಮೂಡಿಗೆರೆಯ ಕಾಫಿ ಬೆಳೆಗಾರ

ಬೇಲೂರಿನವರು ಬರೆದದ್ದು ಮನಸ್ಸಿಗೆ ತಟ್ಟಿತು. ಹಾಗಾದರೆ ಮೇಷ್ಟ್ರ ಮೊದಲ ಪ್ರಶ್ನೆಗೆ ಬರೋಣ. ಹಾಸನದ ಸಾವುಗಳ ವಿಷಯದಲ್ಲಿ ಲಸಿಕೆಯ ಶಂಕೆಯನ್ನು ನೋಡದೆಯೇ ತಳ್ಳಿಹಾಕಿದರೋ, ನೋಡಿ ತಳ್ಳಿಹಾಕಿದರೋ? ನನಗೆ ಅದೊಂದು ಗೊತ್ತಾದರೆ ಸಾಕು.

ಹಾಸನದ ವೈದ್ಯೆ

ನೋಡಿಯೇ ತಳ್ಳಿಹಾಕಿದರು, ಮತ್ತು ನೋಡಿದ ಬಗೆಯನ್ನು ಬರೆದಿಟ್ಟಿದ್ದಾರೆ. ಹಾಸನದ ಸುದ್ದಿಗೂ ಮುಂಚೆಯೇ, ಐಸಿಎಂಆರ್‌ನವರು 2023ರ ಮೇ ತಿಂಗಳಿನಿಂದ ಆಗಸ್ಟ್‌ವರೆಗೆ 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡಿದರು. 18ರಿಂದ 45ರೊಳಗಿನ ವಯಸ್ಸಿನ, ನೋಡಲು ಆರೋಗ್ಯವಾಗಿದ್ದು ಹಠಾತ್ತನೆ ಸತ್ತವರನ್ನು, ಅದೇ ವಯಸ್ಸಿನ ಅದೇ ನೆರೆಹೊರೆಯ ಬದುಕಿರುವವರ ಜೊತೆ ಹೋಲಿಸಿದರು. ಲಸಿಕೆಯೇ ಕಾರಣವಾಗಿದ್ದರೆ ಸತ್ತವರಲ್ಲಿ ಲಸಿಕೆ ಪಡೆದವರ ಪಾಲು ಹೆಚ್ಚಿರಬೇಕಿತ್ತು. ಹಾಗಿರಲಿಲ್ಲ, ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಹಿಂದೆ ಕೋವಿಡ್‌ನಿಂದ ಆಸ್ಪತ್ರೆಗೆ ಸೇರಿದ್ದವರು, ಮನೆತನದಲ್ಲಿ ಹಠಾತ್ ಸಾವು ಕಂಡವರು, ಸಾವಿಗೆ ಸ್ವಲ್ಪ ಮುಂಚೆ ವಿಪರೀತ ಮದ್ಯ ಸೇವಿಸಿದವರು ಅಥವಾ ಮಿತಿಮೀರಿ ದೈಹಿಕ ಶ್ರಮ ಪಟ್ಟವರು ಹೆಚ್ಚು ಅಪಾಯದಲ್ಲಿದ್ದರು. ಶಂಕೆ ತಪ್ಪಾಗಿದ್ದರೆ ಅಂಕಿಗಳು ಹೀಗೆಯೇ ಕಾಣಬೇಕಿತ್ತು. ಆದ್ದರಿಂದ ಇದನ್ನು ಸೆಮೆಲ್ವೈಸ್ ಅವರ ಸಾಲಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಆದರೆ ಕೊಪ್ಪದ ಸಿಸ್ಟರ್ ಹೇಳಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಜನ ಕೇಳಿದ್ದು ಎರಡು ಪ್ರಶ್ನೆ. ಲಸಿಕೆ ಕಾರಣವೇ ಎಂಬುದು ಒಂದು. ನಮ್ಮ ಮಕ್ಕಳು ಇಷ್ಟು ಚಿಕ್ಕ ವಯಸ್ಸಿಗೆ ಏಕೆ ಸಾಯುತ್ತಿದ್ದಾರೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಕೊಟ್ಟವರು ಎರಡನೆಯದನ್ನೂ ಮುಗಿಸಿದೆವೆಂದುಕೊಳ್ಳುವಂತಿಲ್ಲ. ಹಾಸನದಲ್ಲಿ ಸತ್ತವರೆಲ್ಲರಿಗೂ ಶವಪರೀಕ್ಷೆ ಆಗಿರಲಿಲ್ಲ, ಹಲವರ ವಿಷಯದಲ್ಲಿ ಮನೆಯವರ ಹೇಳಿಕೆ ಮತ್ತು ಹಳೆಯ ಚೀಟಿಗಳಿಂದ ಕಾರಣವನ್ನು ಊಹಿಸಬೇಕಾಯಿತು.

ಅರಸೀಕೆರೆಯ ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ

ಡಾಕ್ಟರೇ, ಆ ಎರಡನೆಯ ಪ್ರಶ್ನೆಯನ್ನು ಪರೀಕ್ಷಿಸಲು ಈಗ ಏನು ವ್ಯವಸ್ಥೆಯಿದೆ, ಅದರಲ್ಲಿ ನಮ್ಮಂಥವರು ಮಾಡಬಹುದಾದದ್ದು ಏನು?

ಹಾಸನದ ವೈದ್ಯೆ

ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಶವಪರೀಕ್ಷೆ ನಡೆಸಬೇಕು ಎಂದು ರಾಜ್ಯ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ಕಾಗದದ ಮೇಲೆ ಇದು ಸರಿಯಾದ ಕ್ರಮ. ಆದರೆ ರಾತ್ರಿ ಎರಡು ಗಂಟೆಗೆ ಮೂವತ್ತೆಂಟು ವರ್ಷದ ಆಟೋ ಚಾಲಕನ ದೇಹದ ಪಕ್ಕದಲ್ಲಿ ನಿಂತ ಹೆಂಡತಿ ಮತ್ತು ಅಣ್ಣಂದಿರು ‘ಕುಯ್ಯಬೇಡಿ ಮೇಡಂ, ಮನೆಗೆ ಕಳಿಸಿಕೊಡಿ’ ಎಂದು ಕೈಮುಗಿಯುತ್ತಾರೆ. ಅವರಿಗೆ ವಿವರಿಸಲು ಆ ಹೊತ್ತಿನಲ್ಲಿ ನಮಗೆ ಸಿಗುವುದು ಐದು ನಿಮಿಷ. ಊರಿನ ಹಿರಿಯರು, ಪಂಚಾಯಿತಿ ಸದಸ್ಯರು, ನಿಮ್ಮಂಥ ಮೇಷ್ಟ್ರುಗಳು ಇದರ ಅಗತ್ಯವನ್ನು ಸಾವಿಲ್ಲದ ದಿನಗಳಲ್ಲಿ ಮಾತಾಡಿದ್ದರೆ ಆ ಐದು ನಿಮಿಷ ಸಾಕಾಗುತ್ತದೆ. ಅರಸೀಕೆರೆಯ ಶಾಲೆಯಲ್ಲಿ ಸಭೆ ಕರೆಯುವುದಾದರೆ ನಾನು ಬರುತ್ತೇನೆ.

ಕೊಪ್ಪ ತಾಲ್ಲೂಕಿನ ಶುಶ್ರೂಷಾಧಿಕಾರಿ

ಆ ಸಭೆಗೆ ಆಶಾ ಕಾರ್ಯಕರ್ತೆಯರನ್ನೂ ಕರೆಯಿರಿ. ಸತ್ತವರಿಗೆ ಹಿಂದಿನ ವಾರ ಎದೆನೋವು ಬಂದಿತ್ತೇ, ಬಿಪಿ ಮಾತ್ರೆ ಬಿಟ್ಟಿದ್ದರೇ ಎಂಬುದು ಆಸ್ಪತ್ರೆಯ ಚೀಟಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ, ಮತ್ತು ಅದನ್ನು ಬರೆಯಲು ಅವರ ಪುಸ್ತಕದಲ್ಲಿ ಕಾಲಂ ಇಲ್ಲ. ಆ ಕಾಲಂ ಸೇರಿಸಿರೆಂದು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಕೊಡುವ ಮನವಿಯನ್ನು ನಾನು ಬರೆದುಕೊಡುತ್ತೇನೆ. ಹಾಸನದವರು ಒಂದು, ಚಿಕ್ಕಮಗಳೂರಿನವರು ಒಂದು ಪ್ರತಿ ಸಲ್ಲಿಸಬಹುದು.